ಬಯಾಲಜಿ ಡಿಗ್ರಿಗೆ ಸಾಲ: ಮೊದಲ ಮೆಟ್ಟಿಲಿಗಾ, ಎರಡನೆಯದಕ್ಕಾ?

2024ರ ಜೂನ್. ನೀಟ್ ಫಲಿತಾಂಶ ಬಂದು ಎರಡು ವಾರ ಆಗಿತ್ತು. ಕೊರಟಗೆರೆ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ತುಮಕೂರಿನ ನಮ್ಮ ಮನೆಗೆ ಬಂದರು. ನಾನು ಡಿಗ್ರಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಪಾಠ ಮಾಡುವವನು. ಅಡ್ಮಿಷನ್ ಸಮಯದಲ್ಲಿ ಹೀಗೆ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಅವರು ಅಂಗಿ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ನನ್ನ ಮುಂದೆ ಹರಡಿದರು. ಒಂದು ಕಡೆ ಬೆಂಗಳೂರಿನ ಖಾಸಗಿ ಕಾಲೇಜೊಂದರ ಫೀಸಿನ ಪಟ್ಟಿ. ಇನ್ನೊಂದು ಕಡೆ ನೀಲಿ ಪೆನ್ನಿನಲ್ಲಿ ಅವರೇ ಹಾಕಿದ ಲೆಕ್ಕ. ವರ್ಷಕ್ಕೆ ಫೀಸು 70,000, ಹಾಸ್ಟೆಲ್ 60,000. ಮೂರು ವರ್ಷಕ್ಕೆ 3,90,000. ಆ ಅಂಕಿಗೆ ಎರಡು ಸಲ ಸುತ್ತು ಹಾಕಿದ್ದರು.

'ಡಾಕ್ಟ್ರು ಸೀಟು ಸಿಗಲಿಲ್ಲ ಮೇಷ್ಟ್ರೇ. ಬಯಾಲಜಿ ಬಿಡಲ್ಲ ಅಂತಾಳೆ. ಬ್ಯಾಂಕಲ್ಲಿ ಸಾಲ ಕೊಡ್ತಾರಂತೆ. ಇಷ್ಟು ಸಾಲ ಮಾಡಿ ಓದಿಸಿದ್ರೆ ತೀರುತ್ತಾ?'

ಹೆಚ್ಚಿನವರು ನನ್ನ ಹತ್ತಿರ ಕೇಳುವುದು 'ಬಯಾಲಜಿಗೆ ಸ್ಕೋಪ್ ಇದೆಯಾ' ಅಂತ. ಅದಕ್ಕೆ ಇದೆ ಅಂತಲೂ ಹೇಳಬಹುದು, ಇಲ್ಲ ಅಂತಲೂ ಹೇಳಬಹುದು, ಎರಡರಿಂದಲೂ ಯಾರಿಗೂ ಉಪಯೋಗ ಇಲ್ಲ. ಇವರು ಕೇಳಿದ 'ತೀರುತ್ತಾ' ಅನ್ನುವ ಪ್ರಶ್ನೆಗೆ ಮಾತ್ರ ಲೆಕ್ಕ ಹಾಕಿ ಉತ್ತರ ಕೊಡಬಹುದು. ಅವತ್ತು ಅವರ ಕಾಗದದ ಖಾಲಿ ಜಾಗದಲ್ಲೇ ಕೂತು ಹಾಕಿದ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

3.9 ಲಕ್ಷ ಬೆಳೆಯುವ ರೀತಿ

ಮೊದಲು ಸಾಲದ ನಿಯಮ. ಬ್ಯಾಂಕುಗಳು ಶಿಕ್ಷಣ ಸಾಲವನ್ನು ಹೆಚ್ಚು ಕಡಿಮೆ ಒಂದೇ ಮಾದರಿಯಲ್ಲಿ ಕೊಡುತ್ತವೆ. ಭಾರತೀಯ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಅದು. 4 ಲಕ್ಷದವರೆಗೆ ಅಡಮಾನ ಬೇಡ, ಕೈಯಿಂದ ಹಾಕುವ ದುಡ್ಡೂ ಬೇಡ. ಅಷ್ಟರೊಳಗಿನ ಸಾಲಕ್ಕೆ ಹೊಲದ ಪತ್ರ, ಮನೆ ಪತ್ರ ಇಡಬೇಕು ಅಂತ ಮಧ್ಯದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಸೀದಾ ಮ್ಯಾನೇಜರ್ ಹತ್ತಿರ ಹೋಗಿ ಕೇಳಿ. ಆದರೆ ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕಲೇಬೇಕು. ಈ ಸಹಿಯ ತೂಕ ತುಂಬಾ ಜನಕ್ಕೆ ಗೊತ್ತಿಲ್ಲ. ಮಗಳು ಕಂತು ಕಟ್ಟದಿದ್ದರೆ ಕೆಟ್ಟ ಹೆಸರು ಬರುವುದು ಇಬ್ಬರ ಸಿಬಿಲ್ ದಾಖಲೆಗೂ, ಅಂದರೆ ಸಾಲ ತೀರಿಸಿದ ಚರಿತ್ರೆಗೂ. ಮುಂದೆ ಅಪ್ಪ ಬೆಳೆ ಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಹೋದಾಗ ಇದೇ ಅಡ್ಡ ಬರುತ್ತದೆ. 'ಹೇಗೂ ಒಂದಿನ ಮನ್ನಾ ಆಗುತ್ತೆ' ಅನ್ನುವ ಮಾತನ್ನೂ ಕೇಳಿದ್ದೇನೆ. 2018ರಲ್ಲಿ ನಮ್ಮ ರಾಜ್ಯದಲ್ಲಿ ಮನ್ನಾ ಆಗಿದ್ದು ಬೆಳೆ ಸಾಲ. ಶಿಕ್ಷಣ ಸಾಲ ಅದರಲ್ಲಿ ಇರಲಿಲ್ಲ.

ಓದುವಾಗ ಕಂತು ಕಟ್ಟಬೇಕಾಗಿಲ್ಲ. ಕೋರ್ಸ್ ಮುಗಿದ ಮೇಲೂ ಒಂದು ವರ್ಷ ಬಿಡುವು. ಬ್ಯಾಂಕಿನವರು ಇದನ್ನು ಮೊರಟೋರಿಯಂ ಅನ್ನುತ್ತಾರೆ. ಕಂತಿಗೆ ಬಿಡುವಿದೆ, ಬಡ್ಡಿಗೆ ಬಿಡುವಿಲ್ಲ. ತಂದೆ ತಾಯಿ ಎಡವುವುದು ಇಲ್ಲೇ.

ಬಡ್ಡಿ ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಲೆಕ್ಕ ಸುಲಭವಾಗಲಿ ಅಂತ 10 ಪರ್ಸೆಂಟ್ ಇಟ್ಟುಕೊಳ್ಳೋಣ. ಬ್ಯಾಂಕು ಪ್ರತಿ ವರ್ಷದ ಆರಂಭದಲ್ಲಿ 1,30,000 ಬಿಡುಗಡೆ ಮಾಡುತ್ತದೆ. ಕಂತು ಶುರುವಾಗುವುದು ನಾಲ್ಕು ವರ್ಷ ಕಳೆದ ಮೇಲೆ. ಮೊದಲ ವರ್ಷದ ದುಡ್ಡಿಗೆ ನಾಲ್ಕು ವರ್ಷದ ಸರಳ ಬಡ್ಡಿ 52,000. ಎರಡನೇ ವರ್ಷದ್ದಕ್ಕೆ ಮೂರು ವರ್ಷ, 39,000. ಮೂರನೆಯದಕ್ಕೆ ಎರಡು ವರ್ಷ, 26,000. ಒಟ್ಟು 1,17,000. ಮಗಳು ಮೊದಲ ಕಂತು ಕಟ್ಟುವ ದಿನ ಸಾಲ 3,90,000 ಇರುವುದಿಲ್ಲ, 5,07,000 ಆಗಿರುತ್ತದೆ.

ಅಲ್ಲಿಂದ ಮುಂದೆ 7 ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 8,417. 10 ವರ್ಷಕ್ಕೆ 6,700. ಗರಿಷ್ಠ 15 ವರ್ಷ ತೆಗೆದುಕೊಂಡರೆ 5,448. ಕೊನೆಯದು ಕೈಗೆಟುಕುವ ಹಾಗೆ ಕಾಣುತ್ತೆ, ಅಲ್ವಾ? ಆದರೆ 15 ವರ್ಷ ಕಟ್ಟಿದ್ದನ್ನೆಲ್ಲ ಕೂಡಿದರೆ 9.8 ಲಕ್ಷ. 10 ವರ್ಷಕ್ಕೆ 8 ಲಕ್ಷ ಚಿಲ್ಲರೆ. ಕಾಗದದಲ್ಲಿ ಸುತ್ತು ಹಾಕಿದ್ದ ಅಂಕಿ 3.9 ಲಕ್ಷ.

ಇದಕ್ಕೆ ಒಂದು ಸುಲಭದ ಮದ್ದಿದೆ. ಓದುವಾಗಲೇ ಬಡ್ಡಿ ಮಾತ್ರ ಕಟ್ಟುತ್ತಾ ಹೋಗುವುದು. ಮೊದಲ ವರ್ಷ ತಿಂಗಳಿಗೆ 1,083, ಎರಡನೇ ವರ್ಷ 2,167, ಆಮೇಲೆ ಎರಡು ವರ್ಷ 3,250. ಅವರ ಮನೆಯಲ್ಲಿ ಎರಡು ಹಸು ಇದ್ದವು. ಮೊದಲ ವರ್ಷದ ಬಡ್ಡಿಯನ್ನು ಡೈರಿ ಬಟವಾಡೆಯಲ್ಲಿ ಎತ್ತಿಡಬಹುದು ಅಂತ ಅವರೇ ಹೇಳಿದರು. ಹೀಗೆ ಮಾಡಿದರೆ ಕೆಲಸ ಸಿಕ್ಕಾಗ ಸಾಲ 3.9 ಲಕ್ಷದಲ್ಲೇ ನಿಂತಿರುತ್ತೆ. 10 ವರ್ಷದ ಕಂತು 6,700ರಿಂದ 5,154ಕ್ಕೆ ಇಳಿಯುತ್ತದೆ. ಮೊದಲೇ ಕಟ್ಟುವ 1.17 ಲಕ್ಷಕ್ಕೆ ಬದಲಾಗಿ ಮುಂದಿನ ಹತ್ತು ವರ್ಷದಲ್ಲಿ ಸುಮಾರು 1.85 ಲಕ್ಷ ಉಳಿಯುತ್ತದೆ. ಹೀಗೆ ಬಡ್ಡಿ ಕಟ್ಟುವವರಿಗೆ ದರದಲ್ಲಿ 1 ಪರ್ಸೆಂಟ್ ಕಡಿಮೆ ಮಾಡುವ ಬ್ಯಾಂಕುಗಳಿವೆ. ಹೆಣ್ಣುಮಕ್ಕಳಿಗೆ ಅರ್ಧ ಪರ್ಸೆಂಟ್ ಬಿಡುವವರೂ ಇದ್ದಾರೆ. ಕೇಳದೆ ಯಾರೂ ಹೇಳುವುದಿಲ್ಲ. ಬಾಯಿ ಬಿಟ್ಟು ಕೇಳಬೇಕು.

ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯನ್ನು ಏಜೆಂಟರು ದೊಡ್ಡದಾಗಿ ಹೇಳುತ್ತಾರೆ. ತೆರಿಗೆ ಕಟ್ಟುವಷ್ಟು ಸಂಬಳ ಇರುವವರಿಗೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಅದು. ಹೊಸದಾಗಿ ಬಿ.ಎಸ್ಸಿ ಮುಗಿಸಿದವರು ಅದನ್ನು ಮರೆತುಬಿಡಬಹುದು.

ಸಂಬಳದ ಕಡೆ

ಬರೀ ಬಿ.ಎಸ್ಸಿ ಮಾಡಿದ ಮಗುವಿಗೆ ಮೊದಲ ಕೆಲಸದಲ್ಲಿ ಎಷ್ಟು ಸಿಗುತ್ತದೆ? ನನ್ನ ವಿದ್ಯಾರ್ಥಿಗಳು ಬಂದು ಹೇಳುವುದನ್ನು ನೋಡಿ ಲೆಕ್ಕಕ್ಕೆ 16,000 ಇಟ್ಟುಕೊಂಡೆ. ಇದಕ್ಕಿಂತ ಕಡಿಮೆಗೆ ಸೇರಿದವರೂ ಇದ್ದಾರೆ, ಜಾಸ್ತಿಗೆ ಸೇರಿದವರೂ ಇದ್ದಾರೆ. ಮೂಲ ವೇತನ 12,000 ಅಂದರೆ ಪಿ.ಎಫ್‌ಗೆ 12 ಪರ್ಸೆಂಟ್, 1,440 ಹೋಗುತ್ತದೆ. ಸಂಬಳ 21,000ದ ಒಳಗಿದ್ದರೆ ಇ.ಎಸ್.ಐ (ನೌಕರರ ಆರೋಗ್ಯ ವಿಮೆ) ಇದೆ, ಅದಕ್ಕೆ 120. ಕೈಗೆ ಬರುವುದು 14,440. ಬೆಂಗಳೂರಲ್ಲಿ ಊಟ ಸೇರಿದ ಪಿ.ಜಿ.ಗೆ 7,000, ಓಡಾಟ, ಫೋನು, ಸೋಪು ಎಲ್ಲಕ್ಕೂ 2,000. ಉಳಿಯುವುದು 5,440.

ಹತ್ತು ವರ್ಷದ ಕಂತು 6,700. ಮನೆಗೆ ಒಂದು ರೂಪಾಯಿ ಕಳಿಸದಿದ್ದರೂ, ಒಂದು ದಿನವೂ ಕಾಯಿಲೆ ಬೀಳದಿದ್ದರೂ ತಿಂಗಳಿಗೆ 1,260 ಕಡಿಮೆ ಬೀಳುತ್ತದೆ.

ಇಷ್ಟು ಬರೆದಾಗ ಹುಡುಗಿಯ ಮುಖ ಸಣ್ಣದಾಯಿತು. ಅವಳಿಗೆ ನಾನು ಹೇಳಿದ್ದೇ ಇಲ್ಲಿ ಮುಖ್ಯ ಮಾತು. ಈ ಲೆಕ್ಕ ಬಯಾಲಜಿ ಬೇಡ ಅಂತ ಹೇಳುತ್ತಿಲ್ಲ. ಸಾಲವನ್ನು ತಪ್ಪು ಮೆಟ್ಟಿಲಿಗೆ ಮಾಡುತ್ತಿದ್ದೀವಿ ಅಂತ ಹೇಳುತ್ತಿದೆ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಬಯಾಲಜಿಯಲ್ಲಿ ಬಿ.ಎಸ್ಸಿ ಅನ್ನುವುದು ಹಜಾರದವರೆಗೆ ಬಿಡುವ ಕೀಲಿ. ಒಳಗಿನ ಒಂದೊಂದು ಕೋಣೆಗೂ ಬೇರೆ ಕೀಲಿ ಬೇಕು. ಹೈಸ್ಕೂಲು ಮೇಷ್ಟ್ರಾಗಬೇಕು ಅಂದರೆ ಬಿ.ಇಡಿ ಬೇಕು. 6ರಿಂದ 8ನೇ ತರಗತಿಗೆ ಪಾಠ ಮಾಡಲು ಅದರ ಜೊತೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿ.ಇ.ಟಿ.ಯೂ ಬೇಕು. ಆಸ್ಪತ್ರೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಬೇಕು ಅಂದರೆ ಲ್ಯಾಬ್ ಟೆಕ್ನಾಲಜಿಯದ್ದೇ ಡಿಪ್ಲೊಮಾ ಅಥವಾ ಡಿಗ್ರಿ ಆಗಿರಬೇಕು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಬಿ.ಎಸ್ಸಿ ಸಾಲದು. ಔಷಧ ಕಂಪನಿಗಳ ಸಂಶೋಧನಾ ವಿಭಾಗದಲ್ಲಿ ಎಂ.ಎಸ್ಸಿ, ಪಿಎಚ್.ಡಿ ಆದವರನ್ನು ಕೇಳುತ್ತಾರೆ. ಕಾಲೇಜಿನಲ್ಲಿ ಪಾಠ ಮಾಡಲು ಎಂ.ಎಸ್ಸಿ, ಮೇಲೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಕೋಡಿಂಗ್ ಕಲಿತ ಹುಡುಗ ಡಿಗ್ರಿ ಮುಗಿಯುವ ಮೊದಲೇ ಕಂಪ್ಯೂಟರ್ ಮುಂದೆ ಕೂತು ಕೆಲಸ ತೋರಿಸಬಹುದು. ಬಯಾಲಜಿಯಲ್ಲಿ ಕೈ ಪಳಗಲು ಲ್ಯಾಬು ಬೇಕು, ಉಪಕರಣ ಬೇಕು, ವರ್ಷಗಳು ಬೇಕು. ಮೊದಲ ಸಂಬಳ ಕಡಿಮೆ ಇರುವುದು ಇದಕ್ಕೇ. ಹುಡುಗಿ ದಡ್ಡಿ ಅಂತಲ್ಲ, ವಿಷಯಕ್ಕೆ ಬೆಲೆ ಇಲ್ಲ ಅಂತಲೂ ಅಲ್ಲ.

ಅಂದರೆ ಇದು ಎರಡು ಮೆಟ್ಟಿಲಿನ ಓದು. ಮೊದಲ ಮೆಟ್ಟಿಲಿನಲ್ಲೇ ಸಾಲ ಮುಗಿಸಿಬಿಟ್ಟರೆ ಎರಡನೆಯದಕ್ಕೆ ಕೈ ಬರಿದು. ಸಾಲದ ಕಂತು ಕಟ್ಟಬೇಕಲ್ಲ ಅಂತ ಎಂ.ಎಸ್ಸಿ ಬಿಟ್ಟು ಸಿಕ್ಕಿದ ಕೆಲಸಕ್ಕೆ ಸೇರಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮ ತರಗತಿಯ ಒಳ್ಳೆಯ ತಲೆಗಳು ಅವು. ಆ ನೋವು ನನಗೆ ಈಗಲೂ ಇದೆ.

ಮೊದಲ ಮೆಟ್ಟಿಲನ್ನು ಅಗ್ಗದಲ್ಲಿ ಹತ್ತಬಹುದು

ತುಮಕೂರಿನಲ್ಲಿ ವಿಶ್ವವಿದ್ಯಾಲಯವೇ ಇದೆ, 2004ರಿಂದ. ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿವೆ, ಅದರ ಕೇಂದ್ರ ಕೋಲಾರದಲ್ಲೇ. ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ ಫೀಸು ವರ್ಷಕ್ಕೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ. ಕೊರಟಗೆರೆಯಿಂದ ದಿನಾ ಓಡಾಡುವ ಹುಡುಗಿಗೆ ಹಾಸ್ಟೆಲ್ಲಿನ 60,000ವೂ ಉಳಿಯಿತು, ಬಸ್ ಚಾರ್ಜೂ ಉಳಿಯಿತು. ನಡುವೆ ನಾಲ್ಕು ವರ್ಷಕ್ಕೆ ಹೋಗಿದ್ದ ಡಿಗ್ರಿ 2024-25ರಿಂದ ನಮ್ಮ ರಾಜ್ಯದಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಒಂದು ವರ್ಷದ ಖರ್ಚೂ ಕಡಿಮೆ.

ಮೇಲಿಂದ ವಿದ್ಯಾರ್ಥಿವೇತನ. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎಸ್ಸಿ ಓದುವ ರೈತರ ಮಕ್ಕಳಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ಅಂತ ನಿಗದಿ ಮಾಡಿದ್ದರು. ರಾಜ್ಯದ ವಿದ್ಯಾರ್ಥಿವೇತನದ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಫೀಸು ವಾಪಸ್ಸು, ಊಟ ವಸತಿಗೆ ಸಹಾಯ ಕೊಡುವ ವಿದ್ಯಾಸಿರಿ ಎಲ್ಲಕ್ಕೂ ಅರ್ಜಿ ಹಾಕಬಹುದು. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ದುಡ್ಡು ನಿಂತುಹೋಗುತ್ತದೆ. ಅಡ್ಮಿಷನ್ ಮಾಡಿಸುವ ಮೊದಲೇ ಅದನ್ನು ಸರಿ ಮಾಡಿಸಿ. ಜಾತಿ, ಆದಾಯ ಪ್ರಮಾಣಪತ್ರದ ದಿನಾಂಕವನ್ನೂ ನೋಡಿಕೊಳ್ಳಿ.

ಕಾಲೇಜಿಗಿಂತ ವಿಷಯಗಳ ಕಾಂಬಿನೇಷನ್ ಮೇಲೆ ಜಾಸ್ತಿ ತಲೆ ಕೆಡಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ. ಒಂದು ಉದಾಹರಣೆ. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೆ ಇಂಥ ಡಿಗ್ರಿಯೇ ಆಗಿರಬೇಕು ಅಂತ ಕೇಂದ್ರದ ನಿಯಮದಲ್ಲಿ ಪಟ್ಟಿ ಇದೆ. ಬಯೋಟೆಕ್ನಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಅದರಲ್ಲಿವೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಇಲ್ಲ. ಆದರೆ ಶಾಲೆಯ ಮೇಷ್ಟ್ರು ಕೆಲಸಕ್ಕೆ ಹೋಗುವವರಿಗೆ ಸಿ.ಬಿ.ಝಡ್. (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಒಳ್ಳೆಯದು. 2022ರಲ್ಲಿ ರಾಜ್ಯದಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಕರೆದಾಗ ನಮ್ಮಲ್ಲಿ ಓದಿ ಬಿ.ಇಡಿ ಮಾಡಿಕೊಂಡಿದ್ದವರು ಅರ್ಜಿ ಹಾಕಿದರು. ಆದರೆ ಇಂಥ ನೇಮಕಾತಿ ವರ್ಷ ವರ್ಷ ಬರುವುದಿಲ್ಲ. ಅದನ್ನೇ ನಂಬಿ ಸಾಲ ಮಾಡಬೇಡಿ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರು ಜಿಲ್ಲೆಯ ಮಕ್ಕಳಿಗೆ ಇನ್ನೊಂದು ಅನುಕೂಲ ಇದೆ, ಅದನ್ನು ನಾವೇ ಕಡೆಗಣಿಸಿದ್ದೇವೆ. ಸುತ್ತ ನೋಡಿದರೆ ಬಯಾಲಜಿಯೇ ಕಾಣುತ್ತದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ರೇಷ್ಮೆ ಮರಿ ಸಾಕುವ ಚಾಕಿ ಕೇಂದ್ರಗಳು, ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು, ಹಾಲು ಒಕ್ಕೂಟಗಳ ಲ್ಯಾಬು, ವಸಂತನರಸಾಪುರದ ಫುಡ್ ಪಾರ್ಕು. ಊರಲ್ಲೇ ಇದ್ದು 14,000ಕ್ಕೆ ಸೇರಿದವನ ಕೈಯಲ್ಲಿ, ಪಿ.ಜಿ. ಬಾಡಿಗೆ ಇಲ್ಲದ್ದರಿಂದ, ಬೆಂಗಳೂರಿನ 16,000ಕ್ಕಿಂತ ಜಾಸ್ತಿ ಉಳಿಯುತ್ತದೆ. ಪಿಯುಸಿಯಲ್ಲಿ ಇರುವವರು ರೇಷ್ಮೆ, ಕೃಷಿ, ತೋಟಗಾರಿಕೆಯ ಬಿ.ಎಸ್ಸಿಗೂ ಸಿ.ಇ.ಟಿ. ಮೂಲಕ ಪ್ರಯತ್ನ ಮಾಡಬೇಕು. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜು, ಕೋಲಾರದಲ್ಲಿ ತೋಟಗಾರಿಕೆ ಕಾಲೇಜು ಇವೆ. ರೈತರ ಮಕ್ಕಳಿಗೆ ಅಲ್ಲಿ ಬೇರೆ ಕೋಟಾನೇ ಇದೆ.

ಒಂದು ಕಷ್ಟದ ಲೆಕ್ಕವನ್ನೂ ಹೇಳಿಬಿಡಬೇಕು. ಮೂರು ವರ್ಷ ಓದುವ ಬದಲು ಪಿಯುಸಿ ಮುಗಿಸಿ ಕೋಲಾರದ ನರಸಾಪುರದ ಕಾರ್ಖಾನೆಗೆ ಸೇರಿದರೆ? ತಿಂಗಳಿಗೆ 15,000 ಅಂದುಕೊಂಡರೂ ಮೂರು ವರ್ಷಕ್ಕೆ 5.4 ಲಕ್ಷ. ಓದುವ ಮಗು ಆ ದುಡ್ಡನ್ನು ಬಿಟ್ಟುಕೊಟ್ಟು ಓದುತ್ತಿದೆ. ಹಾಗಂತ ಓದು ಬಿಡಿಸಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಆ 5.4 ಲಕ್ಷದ ಮೇಲೆ ಅಷ್ಟು ಹೊತ್ತಿಗೆ ಬಡ್ಡಿ ಸೇರಿ 4.68 ಲಕ್ಷ ಆಗಿರುವ ಸಾಲವನ್ನೂ ಹೊರಿಸಿದರೆ, ಬಿ.ಎಸ್ಸಿ ಮುಗಿಯುವ ಹೊತ್ತಿಗೆ ಕಾರ್ಖಾನೆಗೆ ಸೇರಿದ ಗೆಳತಿಗಿಂತ ಅವಳು 10 ಲಕ್ಷ ಹಿಂದೆ ಇರುತ್ತಾಳೆ. ಸಾಲ ಇಲ್ಲದೆ ಓದಿದರೆ ಆ ಅಂತರ ಅರ್ಧಕ್ಕೆ ಇಳಿಯುತ್ತದೆ.

ಎರಡನೇ ಮೆಟ್ಟಿಲು

ಇಲ್ಲಿ ಸಾಲಕ್ಕೆ ಅರ್ಥ ಇದೆ. ಅಷ್ಟು ಹೊತ್ತಿಗೆ ಮಗುವಿಗೆ 21 ವರ್ಷ ಆಗಿರುತ್ತದೆ. ಯಾವುದು ಇಷ್ಟ, ಯಾವುದರಲ್ಲಿ ಕೈ ಓಡುತ್ತದೆ ಅಂತ ಗೊತ್ತಿರುತ್ತದೆ. ಕೋರ್ಸು ಎರಡೇ ವರ್ಷದ್ದು, ಬಡ್ಡಿ ಬೆಳೆಯುವ ಕಾಲವೂ ಕಡಿಮೆ. ಎಂ.ಎಸ್ಸಿಗೆ ವರ್ಷಕ್ಕೆ 75,000ದಂತೆ 1.5 ಲಕ್ಷ ಸಾಲ ಅಂತ ಇಟ್ಟುಕೊಳ್ಳಿ. ಅದೇ 10 ಪರ್ಸೆಂಟ್. ಕಂತು ಶುರುವಾಗುವಾಗ 1,87,500 ಆಗಿರುತ್ತದೆ. ಐದು ವರ್ಷಕ್ಕೆ ತಿಂಗಳಿಗೆ 3,984. ಎಂ.ಎಸ್ಸಿ ಮುಗಿಸಿ 22,000ಕ್ಕೆ ಸೇರಿದರೆ ಪಿ.ಎಫ್. 1,800 ಕಳೆದು ಕೈಗೆ 20,200. ಪಿ.ಜಿ., ಖರ್ಚು, ಕಂತು ಎಲ್ಲ ಹೋಗಿ 7,000 ಚಿಲ್ಲರೆ ಉಳಿಯುತ್ತದೆ. ಅಪ್ಪನಿಗೆ ಕಳಿಸಬಹುದು, ಕಂತು ಬೇಗ ತೀರಿಸಲೂಬಹುದು.

ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ಬ್ಯಾಂಕಿನದ್ದಲ್ಲ, ನನ್ನದು. ಕಂತು ಶುರುವಾಗುವ ದಿನ ಇರುವ ಸಾಲ, ಆ ಮೆಟ್ಟಿಲಿನಲ್ಲಿ ಒಂದು ವರ್ಷಕ್ಕೆ ಕೈಗೆ ಬರುವ ಸಂಬಳಕ್ಕಿಂತ ಜಾಸ್ತಿ ಇರಬಾರದು. ಮೊದಲ ಲೆಕ್ಕದಲ್ಲಿ ಸಂಬಳ ವರ್ಷಕ್ಕೆ 1.73 ಲಕ್ಷ, ಸಾಲ 5.07 ಲಕ್ಷ. ಹತ್ತಿರ ಹತ್ತಿರ ಮೂರು ಪಟ್ಟು. ಎರಡನೆಯದರಲ್ಲಿ ಸಂಬಳ 2.42 ಲಕ್ಷ, ಸಾಲ 1.87 ಲಕ್ಷ.

ಸಾಲವೇ ಬೇಡದ ದಾರಿಯೂ ಇದೆ, ಅದು ನಮ್ಮ ಮಕ್ಕಳ ಕಿವಿಗೆ ಬೀಳುವುದೇ ಇಲ್ಲ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಹೆಬ್ಬಾಳ ಮುಟ್ಟುವ ಮೊದಲು ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಗೇಟು ಸಿಗುತ್ತದೆ. ಅದರೊಳಗೆ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ, ಎನ್.ಸಿ.ಬಿ.ಎಸ್. ಇದೆ. ಹತ್ತಿರದ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಇನ್ನು ಭಾರತೀಯ ವಿಜ್ಞಾನ ಸಂಸ್ಥೆ ಇದ್ದೇ ಇದೆ. ಇಲ್ಲೆಲ್ಲ ಬಿ.ಎಸ್ಸಿ ಮುಗಿಸಿದವರನ್ನು ನೇರವಾಗಿ ಎಂ.ಎಸ್ಸಿ, ಪಿಎಚ್.ಡಿ ಎರಡೂ ಸೇರಿದ ಇಂಟಿಗ್ರೇಟೆಡ್ ಪಿಎಚ್.ಡಿಗೆ ತೆಗೆದುಕೊಳ್ಳುತ್ತಾರೆ, ತಿಂಗಳಿಗೆ ಸ್ಟೈಪೆಂಡ್ ಕೊಟ್ಟು. ವಿಜ್ಞಾನ ಸಂಸ್ಥೆಗೆ ಜಾಮ್ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಎಂ.ಎಸ್ಸಿ ಆದಮೇಲೆ ಸಿ.ಎಸ್.ಐ.ಆರ್. ನೆಟ್‌ನಲ್ಲಿ ಜೆ.ಆರ್.ಎಫ್. ಅನ್ನುವ ಸಂಶೋಧನಾ ಫೆಲೋಷಿಪ್ ಸಿಕ್ಕಿದರೆ ಪಿಎಚ್.ಡಿ ಮಾಡುತ್ತಲೇ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. 2023ರಿಂದ ಈ ದರ. ಸೀಟು ಕಡಿಮೆ, ಪೈಪೋಟಿ ಜಾಸ್ತಿ, ನಿಜ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಹಾಗಾಗಿ ಎರಡನೇ ವರ್ಷದಿಂದಲೇ ಇಂಗ್ಲಿಷ್ ಪಠ್ಯ ಓದುವ ಅಭ್ಯಾಸ ಮಾಡಿಕೊಳ್ಳಬೇಕು.

ದೊಡ್ಡ ಸಂಸ್ಥೆಯಲ್ಲಿ ಸೀಟು ಸಿಕ್ಕಿ ಸಾಲ ಬೇಕಾದರೆ ಪಿಎಂ-ವಿದ್ಯಾಲಕ್ಷ್ಮಿಯನ್ನು ನೋಡಿ. 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಯೋಜನೆ. ಅಡಮಾನ ಬೇಡ, ಜಾಮೀನುದಾರರು ಬೇಡ. ಮನೆಯ ವರಮಾನ 8 ಲಕ್ಷದ ಒಳಗಿದ್ದು ಬೇರೆ ಬಡ್ಡಿ ಸಹಾಯ, ವಿದ್ಯಾರ್ಥಿವೇತನ ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಬಿಡುವಿನ ಅವಧಿಯಲ್ಲಿ 3 ಪರ್ಸೆಂಟ್ ಬಡ್ಡಿ ರಿಯಾಯಿತಿ. ಆದರೆ ಇದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಕಾಲೇಜಿನವರ ಮಾತು ಕೇಳಿ ಸುಮ್ನೆ ಸೀಟು ಬುಕ್ ಮಾಡಬೇಡಿ, ಹೆಸರು ಪಟ್ಟಿಯಲ್ಲಿ ಇದೆಯಾ ಅಂತ ನೀವೇ ನೋಡಿ.

ಆ ಹುಡುಗಿ ತುಮಕೂರಿನಲ್ಲೇ ಸರ್ಕಾರಿ ಕಾಲೇಜಿಗೆ ಸೇರಿದಳು. ಬೆಳಿಗ್ಗೆ ಏಳೂವರೆ ಬಸ್ಸು, ಸಂಜೆ ಐದರ ಬಸ್ಸು. ಈಗ ಕೊನೆಯ ವರ್ಷ. ಸಾಲ ಇಲ್ಲ. ಮೊನ್ನೆ ಭಾನುವಾರ ಬಂದಿದ್ದಳು, ಈ ಸಲ ಒಬ್ಬಳೇ. ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ ಮಾಡಬೇಕು ಅಂತ ಆಸೆ, ಬಿ.ಇಡಿ ಮಾಡು ಅಂತ ಅಪ್ಪನ ಒತ್ತಾಯ. ನೋಟ್‌ಬುಕ್ಕಿನ ಹಾಳೆಯಲ್ಲಿ ಎರಡು ಕಾಲಂ ಎಳೆದು ಎರಡರ ಖರ್ಚನ್ನೂ ಅವಳೇ ಬರೆದುಕೊಂಡು ಬಂದಿದ್ದಳು, ಬಿಡುವಿನ ವರ್ಷದ ಬಡ್ಡಿ ಸೇರಿಸಿ. ಬಿ.ಇಡಿ ಕಾಲಂನಲ್ಲಿ ಒಂದು ಅಂಕಿ ತಪ್ಪಿತ್ತು. ಎರಡು ವರ್ಷದ ಕೋರ್ಸಿಗೆ ಒಂದೇ ವರ್ಷದ ಫೀಸು ಹಾಕಿದ್ದಳು. ತಿದ್ದಿ, ಮತ್ತೆ ಕೂಡಿ, ಹಾಳೆ ಮಡಚಿಕೊಂಡು ಐದರ ಬಸ್ಸಿಗೆ ಹೊರಟಳು.